ನಿಲ್ಲಿಸಿದ ಕಾರಿನ ಬ್ಯಾಟರಿ ಪದೇ ಪದೇ ಡೌನ್ ಆಗುತ್ತಿದೆಯೇ? ಹೊಸದಕ್ಕೆ ದುಡ್ಡು ಹಾಕುವ ಮೊದಲು ಈ ಪರೀಕ್ಷೆ ಮಾಡಿ

ರಜೆಗೆಂದು ಊರಿಗೆ ಹೋಗಿ, ಹತ್ತು ದಿನ ಬಿಟ್ಟು ಮುಂಬೈಗೋ ಪುಣೆಗೋ ವಾಪಸ್ ಬಂದಿದ್ದೀರಿ. ಮರುದಿನ ಬೆಳಿಗ್ಗೆ ಆಫೀಸಿಗೆ ಹೊರಡಲು ಸೊಸೈಟಿಯ ಪಾರ್ಕಿಂಗ್‌ಗೆ ಇಳಿದು ಕೀ ತಿರುಗಿಸಿದರೆ 'ಟಕ್ ಟಕ್' ಎಂಬ ಶಬ್ದ ಬಿಟ್ಟು ಬೇರೇನೂ ಇಲ್ಲ. ಪಕ್ಕದ ಫ್ಲಾಟ್‌ನವರ ಕಾರಿನಿಂದ ಜಂಪ್ ಸ್ಟಾರ್ಟ್ ಮಾಡಿಸಿಕೊಂಡು ಗ್ಯಾರೇಜಿಗೆ ಹೋದರೆ ಒಂದೇ ಮಾತು: 'ಬ್ಯಾಟರಿ ಹೋಗಿದೆ, ಬದಲಿಸಿ.' ನಾಲ್ಕೈದು ಸಾವಿರ ರೂಪಾಯಿ ಕೊಟ್ಟು ಹೊಸದು ಹಾಕಿಸುತ್ತೀರಿ. ಎರಡು ವಾರ ಕಳೆದ ಮೇಲೆ ಮತ್ತದೇ 'ಟಕ್ ಟಕ್'.

ಹೊಸ ಬ್ಯಾಟರಿಯೂ ಡೌನ್ ಆಯಿತು ಎಂದರೆ ಕಾಯಿಲೆ ಬೇರೆಲ್ಲೋ ಇದೆ ಎಂದರ್ಥ. ಇದು ದುಡ್ಡಿನ ಪ್ರಶ್ನೆ ಮಾತ್ರವಲ್ಲ. ರಾತ್ರಿ ಎರಡು ಗಂಟೆಗೆ ಮನೆಯವರನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದಾಗ ಕಾರು ಕೈಕೊಟ್ಟರೆ ಏನು ಗತಿ ಎಂಬ ಭಯವೂ ಇದರಲ್ಲಿದೆ. ಒಳ್ಳೆಯ ಸುದ್ದಿ ಏನೆಂದರೆ, ಕೆಲವು ನೂರು ರೂಪಾಯಿಗೆ ಸಿಗುವ ಒಂದು ಡಿಜಿಟಲ್ ಮಲ್ಟಿಮೀಟರ್ ಮತ್ತು ಎರಡು ರಾತ್ರಿಯ ತಾಳ್ಮೆ ಇದ್ದರೆ ಕಾರಣ ಏನೆಂದು ಬಹುಪಾಲು ಮನೆಯಲ್ಲೇ ಪತ್ತೆ ಮಾಡಬಹುದು. ಹೇಗೆ ಎಂಬುದರ ಹಂತ ಹಂತದ ವಿವರ ಇಲ್ಲಿದೆ.

ಅನುಮಾನ ಮೂರೇ ಮೂರು

ಬ್ಯಾಟರಿಯನ್ನು ಮನೆಯ ಮೇಲಿನ ನೀರಿನ ಟ್ಯಾಂಕ್ ಎಂದುಕೊಳ್ಳಿ. ಬೆಳಿಗ್ಗೆ ಎದ್ದಾಗ ಟ್ಯಾಂಕ್ ಖಾಲಿ ಇದ್ದರೆ ಕಾರಣ ಮೂರರಲ್ಲಿ ಒಂದು. ಟ್ಯಾಂಕೇ ಬಿರುಕು ಬಿಟ್ಟಿರಬಹುದು. ಪಂಪ್ ಸರಿಯಾಗಿ ನೀರು ಹತ್ತಿಸದೇ ಇರಬಹುದು. ಇಲ್ಲವೇ ಎಲ್ಲೋ ಒಂದು ನಲ್ಲಿ ರಾತ್ರಿಯಿಡೀ ಸೋರಿರಬಹುದು.

ಕಾರಿನಲ್ಲೂ ಅಷ್ಟೇ. ಬ್ಯಾಟರಿಗೆ ವಯಸ್ಸಾಗಿ ಅದು ಚಾರ್ಜ್ ಹಿಡಿದಿಟ್ಟುಕೊಳ್ಳದೇ ಇರುವುದು ಮೊದಲನೆಯ ಅನುಮಾನ. ನಮ್ಮ ಮೆಕ್ಯಾನಿಕ್‌ಗಳು ಈಗಲೂ ಡೈನಮೋ ಎಂದೇ ಕರೆಯುವ ಆಲ್ಟರ್ನೇಟರ್, ಕಾರು ಓಡುವಾಗ ಬ್ಯಾಟರಿಯನ್ನು ತುಂಬಿಸದೇ ಇರುವುದು ಎರಡನೆಯದು. ಕಾರು ನಿಂತಿರುವಾಗಲೂ ಯಾವುದೋ ಉಪಕರಣ ಕರೆಂಟ್ ಎಳೆಯುತ್ತಿರುವುದು ಮೂರನೆಯದು. ಮೂರರಲ್ಲೂ ಕಾಣುವ ಲಕ್ಷಣ ಒಂದೇ, ಸೆಲ್ಫ್ ಹೊಡೆದರೆ ಎಂಜಿನ್ ಏಳುವುದಿಲ್ಲ. ಚಿಕಿತ್ಸೆ ಮಾತ್ರ ಮೂರಕ್ಕೂ ಬೇರೆ ಬೇರೆ. ಆದ್ದರಿಂದ ಒಂದೊಂದೇ ಅನುಮಾನವನ್ನು ಪರೀಕ್ಷಿಸಿ ಬದಿಗಿಡುತ್ತಾ ಹೋಗಬೇಕು.

ನಿಂತ ಕಾರೂ ಕರೆಂಟ್ ತಿನ್ನುತ್ತದೆ

ಕೀ ತೆಗೆದು ಬಾಗಿಲು ಲಾಕ್ ಮಾಡಿದ ಮಾತ್ರಕ್ಕೆ ಕಾರು ಪೂರ್ತಿ ಆಫ್ ಆಗುವುದಿಲ್ಲ. ಗಡಿಯಾರ, ರಿಮೋಟ್ ಲಾಕ್‌ನ ರಿಸೀವರ್, ಕಳ್ಳತನ ತಡೆಯುವ ಇಮ್ಮೊಬಿಲೈಸರ್, ಎಂಜಿನ್ ಕಂಟ್ರೋಲ್ ಯೂನಿಟ್‌ನ ಮೆಮೊರಿ, ಇವೆಲ್ಲ ಸದಾ ಒಂದಿಷ್ಟು ಕರೆಂಟ್ ಬಳಸುತ್ತಲೇ ಇರುತ್ತವೆ. ಸಾಮಾನ್ಯವಾಗಿ ಇದು 20ರಿಂದ 50 ಮಿಲಿಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ.

ಈಗ ಒಂದು ಲೆಕ್ಕ ಹಾಕೋಣ. ಸಣ್ಣ ಪೆಟ್ರೋಲ್ ಹ್ಯಾಚ್‌ಬ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ಇರುವುದು 35 ಆಂಪಿಯರ್ ಅವರ್ ಆಸುಪಾಸಿನ ಬ್ಯಾಟರಿ. ಕಾರು ನಿಂತಾಗ 30 ಮಿಲಿಆಂಪಿಯರ್ ಎಳೆದರೆ ದಿನಕ್ಕೆ 0.72 ಆಂಪಿಯರ್ ಅವರ್ ಖರ್ಚು. ಹತ್ತು ದಿನಕ್ಕೆ 7 ಚಿಲ್ಲರೆ, ಅಂದರೆ ಐದನೇ ಒಂದು ಭಾಗ. ಬ್ಯಾಟರಿ ಗಟ್ಟಿಯಾಗಿದ್ದರೆ ಕಾರು ಆರಾಮಾಗಿ ಸ್ಟಾರ್ಟ್ ಆಗಬೇಕು. ಆದರೆ ಇದೇ ಕಾರನ್ನು ಒಂದು ತಿಂಗಳು ನಿಲ್ಲಿಸಿದರೆ 21 ಆಂಪಿಯರ್ ಅವರ್‌ಗೂ ಹೆಚ್ಚು ಖಾಲಿಯಾಗುತ್ತದೆ. ಅಂದರೆ ಯಾವ ದೋಷವೂ ಇಲ್ಲದ ಕಾರೂ ತಿಂಗಳ ನಂತರ ಮುಷ್ಕರ ಹೂಡಬಹುದು.

ಈಗ ಡಿಕ್ಕಿಯೊಳಗಿನ 5 ವ್ಯಾಟ್‌ನ ಪುಟ್ಟ ಬಲ್ಬ್ ಆರದೇ ಉಳಿಯಿತು ಎಂದುಕೊಳ್ಳಿ. ಅದು ಎಳೆಯುವುದು ಸುಮಾರು 0.4 ಆಂಪಿಯರ್. ದಿನಕ್ಕೆ ಹತ್ತು ಆಂಪಿಯರ್ ಅವರ್. ಎರಡು ದಿನ ತುಂಬುವುದರೊಳಗೆ ಅರ್ಧ ಬ್ಯಾಟರಿ ಖಾಲಿ. ಡಿಕ್ಕಿ ಮುಚ್ಚಿರುವುದರಿಂದ ಅದು ಉರಿಯುತ್ತಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ.

ಹೀಗಾಗಿ ನಿಮ್ಮ ಕಾರು ಎಷ್ಟು ದಿನ ನಿಂತ ಮೇಲೆ ಡೌನ್ ಆಗುತ್ತಿದೆ ಎಂಬುದೇ ಮೊದಲ ಸುಳಿವು. ಒಂದೇ ರಾತ್ರಿಯಲ್ಲಿ ಆಗುತ್ತಿದ್ದರೆ ದೊಡ್ಡ ಸೋರಿಕೆ ಅಥವಾ ಸತ್ತ ಬ್ಯಾಟರಿ. ಮೂರ್ನಾಲ್ಕು ದಿನಕ್ಕಾದರೆ ಮಧ್ಯಮ ಸೋರಿಕೆ. ಮೂರ್ನಾಲ್ಕು ವಾರಕ್ಕಾದರೆ ಬಹುಶಃ ಕಾರನ್ನು ಓಡಿಸದೇ ಬಿಟ್ಟದ್ದೇ ಕಾರಣ.

ಕೈ ಹಾಕುವ ಮುನ್ನ ಎಚ್ಚರಿಕೆ

* ಬ್ಯಾಟರಿಯೊಳಗೆ ಸಲ್ಫ್ಯೂರಿಕ್ ಆ್ಯಸಿಡ್ ಇರುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಹೊರಬರುತ್ತದೆ. ಹತ್ತಿರದಲ್ಲಿ ಸಿಗರೇಟು, ಕಡ್ಡಿ, ಕಿಡಿ ಬೇಡ.
* ಕೈಯಲ್ಲಿನ ಉಂಗುರ, ಕಡಗ, ಲೋಹದ ವಾಚ್ ತೆಗೆದಿಡಿ. ಸ್ಪ್ಯಾನರ್ ಎರಡೂ ಟರ್ಮಿನಲ್‌ಗಳಿಗೆ ಒಟ್ಟಿಗೆ ತಾಗಿದರೆ ಭಾರೀ ಕಿಡಿ ಹಾರುತ್ತದೆ.
* ಬಿಚ್ಚುವಾಗ ಮೊದಲು ನೆಗೆಟಿವ್, ಜೋಡಿಸುವಾಗ ಕೊನೆಗೆ ನೆಗೆಟಿವ್. ಈ ಕ್ರಮ ತಪ್ಪಬೇಡಿ.
* ಬ್ಯಾಟರಿ ಬಿಚ್ಚಿದಾಗ ಗಡಿಯಾರ, ರೇಡಿಯೋ ಸ್ಟೇಷನ್‌ಗಳು ಅಳಿಸಿಹೋಗಬಹುದು. ಕೆಲವು ಮ್ಯೂಸಿಕ್ ಸಿಸ್ಟಂಗಳು ಕೋಡ್ ಕೇಳುತ್ತವೆ. ಅದನ್ನು ಮೊದಲೇ ಹುಡುಕಿಟ್ಟುಕೊಳ್ಳಿ. ಕೀಯನ್ನು ಮಾತ್ರ ಕಾರಿನೊಳಗೆ ಬಿಡಬೇಡಿ.

ಹಂತ 1: ಕಣ್ಣಿನಿಂದಲೇ ನೋಡಿ

ಬಾನೆಟ್ ತೆರೆದು ಟರ್ಮಿನಲ್‌ಗಳನ್ನು ಗಮನಿಸಿ. ಬಿಳಿ ಅಥವಾ ಹಸಿರು ಬಣ್ಣದ ಪುಡಿ ಕಟ್ಟಿದೆಯೇ? ಕೈಯಿಂದ ತಿರುಗಿಸಿದರೆ ಕ್ಲ್ಯಾಂಪ್ ಅಲುಗಾಡುತ್ತದೆಯೇ? ಹಾಗಿದ್ದರೆ ಬ್ಯಾಟರಿ ಚೆನ್ನಾಗಿದ್ದರೂ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಕ್ಲ್ಯಾಂಪ್ ಬಿಚ್ಚಿ, ಬಿಸಿನೀರಿಗೆ ಸ್ವಲ್ಪ ಅಡುಗೆ ಸೋಡಾ ಬೆರೆಸಿ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ, ಒಣಗಿಸಿ, ಬಿಗಿಯಾಗಿ ಕೂರಿಸಿ. ಸೋಡಾ ನೀರು ಬ್ಯಾಟರಿಯ ಮುಚ್ಚಳದೊಳಗೆ ಇಳಿಯದಂತೆ ನೋಡಿಕೊಳ್ಳಿ. ಎಷ್ಟೋ 'ಸತ್ತ' ಬ್ಯಾಟರಿಗಳು ಇಷ್ಟಕ್ಕೇ ಎದ್ದು ಕೂರುತ್ತವೆ. ಮೇಲ್ಭಾಗದಲ್ಲಿ ಕೊಳೆ, ತೇವ ಇದ್ದರೆ ಅದನ್ನೂ ಒರೆಸಿ. ಆ್ಯಸಿಡ್ ಅಂಟಿದ ಕೊಳೆಯ ಮೂಲಕವೂ ಎರಡು ಟರ್ಮಿನಲ್‌ಗಳ ನಡುವೆ ಸಣ್ಣದಾಗಿ ಕರೆಂಟ್ ಸೋರುತ್ತದೆ.

ನೀರು ಹಾಕುವ ಮಾದರಿಯ ಬ್ಯಾಟರಿಯಾದರೆ ಮಟ್ಟ ನೋಡಿ. ಕಡಿಮೆಯಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ನಲ್ಲಿ ನೀರು ಬೇಡ.

ಆಮೇಲೆ ವಾರಂಟಿ ಕಾರ್ಡ್ ತೆಗೆದು ಬ್ಯಾಟರಿಯ ವಯಸ್ಸು ನೋಡಿ. ನಮ್ಮ ಹವಾಮಾನದಲ್ಲಿ ಕಾರಿನ ಬ್ಯಾಟರಿ ಮೂರರಿಂದ ಐದು ವರ್ಷ ಬಂದರೆ ಅದು ತನ್ನ ಕೆಲಸ ಮಾಡಿದಂತೆಯೇ. ಚಳಿಗಾಲದಲ್ಲಿ ಬ್ಯಾಟರಿ ಕೈಕೊಡುವುದು ಹೆಚ್ಚು ಎಂಬ ಮಾತಿದೆ. ಆದರೆ ಬ್ಯಾಟರಿಯ ಆಯಸ್ಸು ತಿನ್ನುವುದು ಬೇಸಿಗೆ. ಶಾಖ ಹೆಚ್ಚಿದಷ್ಟೂ ಒಳಗಿನ ರಾಸಾಯನಿಕ ಸವೆತವೂ, ತಾನಾಗಿಯೇ ಚಾರ್ಜ್ ಇಳಿಯುವುದೂ ವೇಗವಾಗುತ್ತದೆ. ದೆಹಲಿ, ಹೈದರಾಬಾದ್‌ನ ಮೇ ತಿಂಗಳ ಬಿಸಿಲಲ್ಲಿ ಬಯಲಲ್ಲೇ ನಿಲ್ಲುವ ಕಾರಿನ ಬ್ಯಾಟರಿ ಒಳಗೊಳಗೇ ಸವೆಯುತ್ತದೆ. ಆ ದೌರ್ಬಲ್ಯ ಬಯಲಾಗುವುದು ಎಂಜಿನ್ ಆಯಿಲ್ ಮಂದವಾಗಿ ಸ್ಟಾರ್ಟರ್‌ಗೆ ಹೆಚ್ಚು ಶಕ್ತಿ ಬೇಕಾಗುವ ಡಿಸೆಂಬರ್‌ನ ಬೆಳಗಿನಲ್ಲಿ.

ಹಂತ 2: ಪಂಪ್ ಕೆಲಸ ಮಾಡುತ್ತಿದೆಯೇ?

ಇದು ಎರಡೇ ನಿಮಿಷದ ಕೆಲಸ. ಮಲ್ಟಿಮೀಟರ್‌ ಅನ್ನು ಡಿಸಿ ವೋಲ್ಟ್ 20ರ ಸ್ಥಾನಕ್ಕೆ ತಿರುಗಿಸಿ. ಎಂಜಿನ್ ಚಾಲೂ ಮಾಡಿ, ಕೆಂಪು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್‌ಗೆ, ಕಪ್ಪು ಕಡ್ಡಿಯನ್ನು ನೆಗೆಟಿವ್‌ಗೆ ಹಿಡಿಯಿರಿ. ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಕಾಣಬೇಕು. ಹೆಡ್‌ಲೈಟ್, ಎಸಿ, ಫ್ಯಾನ್ ಎಲ್ಲ ಆನ್ ಮಾಡಿ ಆಕ್ಸಲರೇಟರ್ ಸ್ವಲ್ಪ ಒತ್ತಿಸಿದಾಗಲೂ 13.5ರ ಆಸುಪಾಸಿನಲ್ಲಿ ನಿಲ್ಲಬೇಕು.

ಎಂಜಿನ್ ಓಡುತ್ತಿದ್ದರೂ ವೋಲ್ಟೇಜ್ 12.5ರ ಕೆಳಗೇ ಇದ್ದು ಇಳಿಯುತ್ತಲೇ ಹೋದರೆ ಆಲ್ಟರ್ನೇಟರ್, ಅದರ ಬೆಲ್ಟ್ ಅಥವಾ ವೈರಿಂಗ್‌ನಲ್ಲಿ ದೋಷವಿದೆ. 15 ವೋಲ್ಟ್ ದಾಟಿ ಅಲ್ಲೇ ನಿಂತರೆ ರೆಗ್ಯುಲೇಟರ್ ಕೆಟ್ಟಿರಬಹುದು. ಅತಿಯಾದ ಚಾರ್ಜ್ ಕೂಡ ಬ್ಯಾಟರಿಯನ್ನು ಕೊಲ್ಲುತ್ತದೆ. ಇಂಧನ ಉಳಿಸಲು ಚಾರ್ಜಿಂಗ್‌ ಅನ್ನು ಕಂಪ್ಯೂಟರೇ ನಿಯಂತ್ರಿಸುವ ಹೊಸ ಕಾರುಗಳಲ್ಲಿ ವೋಲ್ಟೇಜ್ ಏರಿಳಿಯುವುದು ಸಹಜ. ಅಂಥ ಕಾರಿನಲ್ಲಿ ಒಂದೇ ಅಳತೆ ನೋಡಿ ತೀರ್ಮಾನಕ್ಕೆ ಬರಬೇಡಿ, ಎಲ್ಲ ಲೈಟ್ ಹಾಕಿ ಹಲವು ಸಲ ನೋಡಿ.

ಹಂತ 3: ಎರಡು ರಾತ್ರಿಯ ಪರೀಕ್ಷೆ

ಈ ಇಡೀ ತನಿಖೆಯ ಹೃದಯ ಇದು. ಬಿಚ್ಚುವುದು ಒಂದೇ ಒಂದು ನಟ್, ಅದಕ್ಕೆ ಹೆಚ್ಚಿನ ಕಾರುಗಳಲ್ಲಿ ಹತ್ತರ ಸ್ಪ್ಯಾನರ್ ಸಾಕು.

ಮೊದಲು ಬ್ಯಾಟರಿಯನ್ನು ಅಂಗಡಿಯಲ್ಲಾದರೂ ಸರಿ, ಮನೆಯ ಚಾರ್ಜರ್‌ನಿಂದಾದರೂ ಸರಿ, ಪೂರ್ತಿ ಚಾರ್ಜ್ ಮಾಡಿಸಿ. ಚಾರ್ಜ್ ಆದ ಕೂಡಲೇ ಅಥವಾ ಕಾರು ಓಡಿಸಿ ನಿಲ್ಲಿಸಿದ ಕೂಡಲೇ ಅಳೆದರೆ ವೋಲ್ಟೇಜ್ ಸುಳ್ಳು ಹೇಳುತ್ತದೆ. ಮೇಲುಮೇಲಿನ ಚಾರ್ಜ್ ಇಳಿಯಲು ಮೂರ್ನಾಲ್ಕು ಗಂಟೆ ಬೇಕು. ಅಷ್ಟು ಹೊತ್ತು ಬಿಟ್ಟು ಅಳೆದಾಗ ಸಾಮಾನ್ಯ ಲೆಡ್ ಆ್ಯಸಿಡ್ ಬ್ಯಾಟರಿಯ ಲೆಕ್ಕ ಹೀಗಿರುತ್ತದೆ:

* 12.6 ವೋಲ್ಟ್ ಅಥವಾ ಹೆಚ್ಚು: ಪೂರ್ತಿ ಚಾರ್ಜ್
* 12.4 ವೋಲ್ಟ್: ಮುಕ್ಕಾಲು
* 12.2 ವೋಲ್ಟ್: ಅರ್ಧ
* 12.0 ವೋಲ್ಟ್: ಕಾಲು ಭಾಗ
* 11.8 ವೋಲ್ಟ್‌ಗಿಂತ ಕಡಿಮೆ: ಖಾಲಿ

ಗಮನಿಸಿ, ತುಂಬಿದ ಬ್ಯಾಟರಿಗೂ ಖಾಲಿ ಬ್ಯಾಟರಿಗೂ ಇರುವ ಅಂತರ ಒಂದು ವೋಲ್ಟ್ ಕೂಡ ಇಲ್ಲ. '12 ವೋಲ್ಟ್ ತೋರಿಸುತ್ತಿದೆ, ಬ್ಯಾಟರಿ ಚೆನ್ನಾಗಿದೆ' ಎನ್ನುವವರ ಮಾತನ್ನು ಆದ್ದರಿಂದಲೇ ನಂಬಬಾರದು.

ಮೊದಲ ರಾತ್ರಿ: ಬ್ಯಾಟರಿ ಕಾರಿಗೆ ಜೋಡಿಸಿಯೇ ಇರಲಿ. ಬಾನೆಟ್ ತೆರೆದಾಗ ಕಾರಿನ ಕೆಲವು ಯೂನಿಟ್‌ಗಳು ಎಚ್ಚರಗೊಳ್ಳುತ್ತವೆ. ಹಾಗಾಗಿ ಲೈಟ್ ಎಲ್ಲ ಆಫ್ ಇರಲಿ, ಬೇಗ ಅಳೆದು ಮುಚ್ಚಿ. ರಾತ್ರಿ ಒಂಬತ್ತಕ್ಕೆ ವೋಲ್ಟೇಜ್ ಬರೆದಿಟ್ಟುಕೊಳ್ಳಿ. ಬೆಳಿಗ್ಗೆ ಏಳಕ್ಕೆ, ಕಾರು ಸ್ಟಾರ್ಟ್ ಮಾಡುವ ಮೊದಲು, ಮತ್ತೆ ಅಳೆಯಿರಿ.

ಎರಡನೇ ರಾತ್ರಿ: ಮತ್ತೆ ಪೂರ್ತಿ ಚಾರ್ಜ್ ಮಾಡಿ, ಅದೇ ರೀತಿ ಕೆಲವು ಗಂಟೆ ಬಿಟ್ಟು ಅಳೆಯಿರಿ. ಆದರೆ ಈ ಸಲ ನೆಗೆಟಿವ್ ಕ್ಲ್ಯಾಂಪ್ ಬಿಚ್ಚಿ, ಟರ್ಮಿನಲ್‌ಗೆ ತಾಗದಂತೆ ಬಟ್ಟೆ ಸುತ್ತಿ ಪಕ್ಕಕ್ಕಿಡಿ. ಬೆಳಿಗ್ಗೆ ಮತ್ತೆ ಅಳೆಯಿರಿ.

ಈಗ ಉತ್ತರ ನಿಮ್ಮ ಕೈಯಲ್ಲಿದೆ. ಜೋಡಿಸಿದ್ದಾಗ 12.6ರಿಂದ 12.3ಕ್ಕೆ ಇಳಿದು, ಬಿಚ್ಚಿಟ್ಟಾಗ 12.6ರ ಹತ್ತಿರವೇ ನಿಂತಿದ್ದರೆ ಬ್ಯಾಟರಿ ನಿರಪರಾಧಿ. ಕಾರಿನಲ್ಲೇ ಸೋರಿಕೆಯಿದೆ. ಬಿಚ್ಚಿಟ್ಟಾಗಲೂ ಅಷ್ಟೇ ಇಳಿದಿದ್ದರೆ ಬ್ಯಾಟರಿಯೇ ಚಾರ್ಜ್ ಹಿಡಿಯುತ್ತಿಲ್ಲ, ಅದನ್ನು ಬದಲಿಸುವುದೇ ದಾರಿ. ಎರಡು ಸಲವೂ ಇಳಿಯದೇ ಇದ್ದು, ಕಾರು ಮಾತ್ರ ಸ್ಟಾರ್ಟ್ ಆಗುತ್ತಿಲ್ಲವೆಂದರೆ ಸೆಲ್ಫ್ ಹೊಡೆಯುವಾಗಿನ ವೋಲ್ಟೇಜ್ ನೋಡಿ. ಒಬ್ಬರು ಕೀ ತಿರುಗಿಸುವಾಗ ಇನ್ನೊಬ್ಬರು ಮೀಟರ್ ಗಮನಿಸಬೇಕು. ಅದು 9.6 ವೋಲ್ಟ್‌ಗಿಂತ ಕೆಳಗೆ ಕುಸಿದರೆ ಬ್ಯಾಟರಿಯಲ್ಲಿ ದಮ್ಮಿಲ್ಲ ಎಂದೇ ಅರ್ಥ. ಕುಸಿಯದೇ ಇದ್ದರೆ ಸ್ಟಾರ್ಟರ್ ಮೋಟಾರ್, ಅದರ ವೈರ್ ಅಥವಾ ಅರ್ಥ್ ಕೇಬಲ್ ಕಡೆಗೆ ನೋಡಬೇಕು.

ಹಂತ 4: ಸೋರಿಕೆ ಎಷ್ಟು ಎಂದು ಅಳೆಯುವುದು

ಸೋರಿಕೆ ಇದೆ ಎಂದು ಖಚಿತವಾದ ಮೇಲೆ ಅದರ ಪ್ರಮಾಣ ತಿಳಿಯಬೇಕು. ಈ ಹಂತಕ್ಕೆ ಸ್ವಲ್ಪ ಹೆಚ್ಚು ಜಾಗ್ರತೆ ಬೇಕು. ಧೈರ್ಯ ಸಾಲದಿದ್ದರೆ ಇಲ್ಲಿಂದ ಮುಂದೆ ಆಟೋ ಎಲೆಕ್ಟ್ರಿಷಿಯನ್‌ಗೆ ಒಪ್ಪಿಸಬಹುದು.

1. ಕಾರಿನ ಎಲ್ಲ ಸ್ವಿಚ್ ಆಫ್ ಮಾಡಿ, ಕೀ ತೆಗೆಯಿರಿ. ಕೀಲೆಸ್ ಕಾರಾದರೆ ಕೀಯನ್ನು ಮನೆಯೊಳಗೇ ಇಟ್ಟು ಬನ್ನಿ. ಕೀ ಹತ್ತಿರದಲ್ಲಿದ್ದರೆ ಕಾರು ಮಲಗುವುದಿಲ್ಲ.

2. ಬಾನೆಟ್ ತೆರೆದೇ ಇರುತ್ತದೆ. ಅದರ ಲಾಕ್‌ ಅನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿದ ಸ್ಥಿತಿಗೆ ತನ್ನಿ. ಫ್ಯೂಸ್ ಬಾಕ್ಸ್ ಕಾರಿನೊಳಗಿದ್ದರೆ ಆ ಬಾಗಿಲನ್ನು ತೆರೆದಿಟ್ಟು ಅದರ ಲಾಕ್‌ಗೂ ಹೀಗೇ ಮಾಡಿ. ಬಾಗಿಲು ಮುಚ್ಚಿದೆ ಎಂದು ಕಾರು ನಂಬಬೇಕು. ಕೊನೆಗೆ ಹ್ಯಾಂಡಲ್ ಎಳೆದು ಲಾಕ್ ಬಿಡಿಸದೇ ಬಾಗಿಲು ಮುಚ್ಚಲು ಹೋಗಬೇಡಿ.

3. ಮಲ್ಟಿಮೀಟರ್‌ನ ಕೆಂಪು ವೈರನ್ನು 10 ಆಂಪಿಯರ್ ಎಂದು ಬರೆದ ತೂತಿಗೆ ಬದಲಿಸಿ, ಡಯಲ್‌ ಅನ್ನೂ ಡಿಸಿ 10 ಆಂಪಿಯರ್‌ಗೆ ತಿರುಗಿಸಿ.

4. ನೆಗೆಟಿವ್ ಕ್ಲ್ಯಾಂಪ್ ಬಿಚ್ಚಿ. ಕೆಂಪು ಕಡ್ಡಿಯನ್ನು ಬಿಚ್ಚಿದ ಕ್ಲ್ಯಾಂಪ್‌ಗೂ ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಟರ್ಮಿನಲ್‌ಗೂ ಕ್ಲಿಪ್ ಹಾಕಿ ಜೋಡಿಸಿ. ಈಗ ಕಾರಿನ ಕರೆಂಟ್ ಎಲ್ಲ ಮೀಟರ್ ಮೂಲಕವೇ ಹರಿಯುತ್ತದೆ.

5. ಈ ಸ್ಥಿತಿಯಲ್ಲಿ ಯಾವ ಕಾರಣಕ್ಕೂ ಸೆಲ್ಫ್ ಹೊಡೆಯಬೇಡಿ. ಇಗ್ನಿಷನ್ ಆನ್ ಮಾಡಬೇಡಿ. ಸ್ಟಾರ್ಟರ್ ನೂರಾರು ಆಂಪಿಯರ್ ಎಳೆಯುತ್ತದೆ, ಮೀಟರ್ ಸುಟ್ಟುಹೋಗುತ್ತದೆ.

6. ಕಾಯಿರಿ. ಜೋಡಿಸಿದ ಕೂಡಲೇ ಮೀಟರ್ ಒಂದೆರಡು ಆಂಪಿಯರ್, ಕೆಲವೊಮ್ಮೆ ಇನ್ನೂ ಹೆಚ್ಚು ತೋರಿಸುತ್ತದೆ. ಅದು ದೋಷವಲ್ಲ, ಕಾರಿನ ಕಂಪ್ಯೂಟರ್‌ಗಳು ಎಚ್ಚರವಾಗಿವೆ ಅಷ್ಟೇ. ಅವು ಒಂದೊಂದಾಗಿ ನಿದ್ದೆಗೆ ಜಾರಲು ಕಾರಿಗೆ ಅನುಗುಣವಾಗಿ ಹತ್ತು ನಿಮಿಷದಿಂದ ಮುಕ್ಕಾಲು ಗಂಟೆ ಹಿಡಿಯಬಹುದು.

ಅವಸರ ಮಾಡಿದವರು ತಪ್ಪುವುದು ಈ ಆರನೇ ಹಂತದಲ್ಲೇ. ಎರಡನೇ ನಿಮಿಷಕ್ಕೇ 'ಎರಡು ಆಂಪಿಯರ್ ಸೋರುತ್ತಿದೆ' ಎಂದು ಘೋಷಿಸಿ, ಇಲ್ಲದ ದೋಷಕ್ಕೆ ವೈರಿಂಗ್ ಬಿಚ್ಚಿ ಹಾಕಿದರೆ ಹೊಸ ತೊಂದರೆ ಶುರುವಾಗುತ್ತದೆ.

ಮೀಟರ್ ಕೊನೆಗೆ 0.02ರಿಂದ 0.05ರಲ್ಲಿ ನಿಂತರೆ ಎಲ್ಲ ಸರಿಯಿದೆ. 0.1 ದಾಟಿ ನಿಂತರೆ ಹುಡುಕಾಟ ಮುಂದುವರಿಸಬೇಕು. 0.4ರಲ್ಲಿ ಗಟ್ಟಿಯಾಗಿ ನಿಂತಿದ್ದರೆ ಎಲ್ಲೋ ಒಂದು ಬಲ್ಬ್ ಉರಿಯುತ್ತಿದೆ ಎಂದು ಮೊದಲು ಅನುಮಾನಿಸಿ.

ಹಂತ 5: ಕಳ್ಳ ಯಾವ ಫ್ಯೂಸ್‌ನಲ್ಲಿ?

ಫ್ಯೂಸ್ ಬಾಕ್ಸ್‌ನ ಮುಚ್ಚಳದ ಒಳಭಾಗದಲ್ಲಿ ಅಥವಾ ಕಾರಿನ ಮ್ಯಾನುಯಲ್‌ನಲ್ಲಿ ಯಾವ ಫ್ಯೂಸ್ ಯಾವುದಕ್ಕೆ ಎಂಬ ಪಟ್ಟಿ ಇರುತ್ತದೆ. ಅದರ ಫೋಟೋ ತೆಗೆದುಕೊಳ್ಳಿ. ಮೀಟರ್ ಜೋಡಿಸಿಯೇ ಇರಲಿ. ಒಂದೊಂದೇ ಫ್ಯೂಸ್ ಎಳೆದು ಮೀಟರ್ ನೋಡಿ. ಏರ್‌ಬ್ಯಾಗ್‌ನ ಫ್ಯೂಸ್‌ಗೆ ಮಾತ್ರ ಕೈ ಹಾಕಬೇಡಿ. ಯಾವುದನ್ನು ಎಳೆದಾಗ 0.42 ಇದ್ದದ್ದು ತಟ್ಟನೆ 0.03ಕ್ಕೆ ಇಳಿಯುತ್ತದೋ ಸೋರಿಕೆ ಅದೇ ಸರ್ಕ್ಯೂಟ್‌ನಲ್ಲಿದೆ. ಅದು ಒಳಗಿನ ದೀಪಗಳ ಫ್ಯೂಸ್ ಎಂದು ಪಟ್ಟಿ ಹೇಳಿದರೆ ರೂಫ್ ಲೈಟ್, ಗ್ಲೋವ್‌ಬಾಕ್ಸ್, ಡಿಕ್ಕಿ, ಈ ಮೂರನ್ನೇ ನೋಡಿದರೆ ಸಾಕು. ಡಿಕ್ಕಿಯ ಬಲ್ಬ್ ಆರುತ್ತದೋ ಇಲ್ಲವೋ ತಿಳಿಯಲು ಮೊಬೈಲ್‌ನಲ್ಲಿ ವಿಡಿಯೋ ಆನ್ ಮಾಡಿ ಒಳಗಿಟ್ಟು ಮುಚ್ಚಳ ಹಾಕಿ, ಆಮೇಲೆ ತೆಗೆದು ನೋಡಿ.

ಹೊಸ ಕಾರುಗಳಲ್ಲಿ ಫ್ಯೂಸ್ ಎಳೆದು ವಾಪಸ್ ಹಾಕಿದಾಗ ಮಲಗಿದ್ದ ಯೂನಿಟ್‌ಗಳು ಮತ್ತೆ ಏಳುತ್ತವೆ, ಮತ್ತೆ ಅರ್ಧ ಗಂಟೆ ಕಾಯಬೇಕಾಗುತ್ತದೆ. ಇದಕ್ಕೆ ಅನುಭವಿ ಎಲೆಕ್ಟ್ರಿಷಿಯನ್‌ಗಳು ಬೇರೆ ಉಪಾಯ ಮಾಡುತ್ತಾರೆ. ಪ್ರತಿ ಫ್ಯೂಸ್‌ನ ತಲೆಯ ಮೇಲೆ ಲೋಹದ ಎರಡು ಸಣ್ಣ ಚುಕ್ಕೆಗಳಿರುತ್ತವೆ. ಮೀಟರ್‌ ಅನ್ನು ಮಿಲಿವೋಲ್ಟ್‌ಗೆ ಇಟ್ಟು ಆ ಚುಕ್ಕೆಗಳಿಗೆ ಕಡ್ಡಿ ಹಿಡಿದರೆ, ಶೂನ್ಯ ಬಂದರೆ ಆ ಸರ್ಕ್ಯೂಟ್‌ನಲ್ಲಿ ಕರೆಂಟ್ ಹರಿಯುತ್ತಿಲ್ಲ, ಸ್ವಲ್ಪವಾದರೂ ಅಂಕಿ ಬಂದರೆ ಹರಿಯುತ್ತಿದೆ. ಫ್ಯೂಸ್ ಎಳೆಯುವ ಅಗತ್ಯವೇ ಇಲ್ಲ.

ಎಲ್ಲ ಫ್ಯೂಸ್ ಎಳೆದರೂ ಸೋರಿಕೆ ನಿಲ್ಲದಿದ್ದರೆ? ಆಗ ಸಾಮಾನ್ಯ ಫ್ಯೂಸ್‌ಗಳ ಮೂಲಕ ಹೋಗದ ದಾರಿಗಳನ್ನು ನೋಡಬೇಕು. ಆಲ್ಟರ್ನೇಟರ್‌ನ ಒಳಗಿನ ಡಯೋಡ್ ಕೆಟ್ಟರೆ ಅದು ನಿಂತಾಗ ಬ್ಯಾಟರಿಯಿಂದಲೇ ಕರೆಂಟ್ ಹಿಂದಕ್ಕೆ ಎಳೆಯುತ್ತದೆ. ಓಡುವಾಗ ಚಾರ್ಜ್ ಸರಿಯಾಗಿಯೇ ಕಾಣಬಹುದಾದ್ದರಿಂದ ಈ ದೋಷ ಅನೇಕರ ಕಣ್ಣು ತಪ್ಪಿಸುತ್ತದೆ. ಇನ್ನೊಂದು, ಹೊರಗಿನ ಅಂಗಡಿಯಲ್ಲಿ ಹಾಕಿಸಿ ನೇರ ಬ್ಯಾಟರಿಗೇ ವೈರ್ ಎಳೆದ ಉಪಕರಣಗಳು.

ಪದೇ ಪದೇ ಸಿಕ್ಕಿಬೀಳುವ ಆರೋಪಿಗಳು

* ಡ್ಯಾಶ್‌ಕ್ಯಾಮ್: ಪಾರ್ಕಿಂಗ್ ಮೋಡ್‌ನಲ್ಲಿ ಕಾಲು ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಂಡರೂ ದಿನಕ್ಕೆ 6 ಆಂಪಿಯರ್ ಅವರ್. ಮೂರು ದಿನಕ್ಕೆ ಸಣ್ಣ ಕಾರಿನ ಅರ್ಧ ಬ್ಯಾಟರಿ. ವೋಲ್ಟೇಜ್ ಇಳಿದಾಗ ತಾನೇ ಆಫ್ ಆಗುವ ಕಿಟ್ ಹಾಕಿಸಿ, ಇಲ್ಲವೇ ಇಗ್ನಿಷನ್ ಆಫ್ ಆದಾಗ ಕರೆಂಟ್ ನಿಲ್ಲುವ ವೈರ್‌ಗೆ ಜೋಡಿಸಿ.
* ಹೊರಗೆ ಹಾಕಿಸಿದ ಮ್ಯೂಸಿಕ್ ಸಿಸ್ಟಂ, ಆಂಪ್ಲಿಫೈಯರ್: ಇಗ್ನಿಷನ್ ವೈರ್ ಬದಲು ಸದಾ ಕರೆಂಟ್ ಇರುವ ವೈರ್‌ಗೆ ಜೋಡಿಸಿದ್ದರೆ ಸ್ಕ್ರೀನ್ ಆರಿದರೂ ಒಳಗೆ ಎಚ್ಚರವಾಗಿಯೇ ಇರುತ್ತದೆ.
* ಜಿಪಿಎಸ್ ಟ್ರ್ಯಾಕರ್, ಅಲಾರಂ, ಡಯಾಗ್ನಾಸ್ಟಿಕ್ ಪೋರ್ಟ್‌ಗೆ ಚುಚ್ಚಿದ ಡಾಂಗಲ್: ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಹಳೆಯ ಮಾಲೀಕರು ಹಾಕಿಸಿದ್ದು ಏನಾದರೂ ಉಳಿದಿದೆಯೇ ಎಂದು ತಪ್ಪದೇ ನೋಡಿ.
* ಅಂಟಿಕೊಂಡ ರಿಲೇ: ಫ್ಯಾನ್, ಹಾರ್ನ್ ಅಥವಾ ಹೆಡ್‌ಲೈಟ್‌ನ ರಿಲೇ ಒಳಗೇ ಬೆಸೆದುಕೊಂಡರೆ ಸ್ವಿಚ್ ಆಫ್ ಮಾಡಿದರೂ ಸಂಪರ್ಕ ಕಡಿಯುವುದಿಲ್ಲ. ಮುಟ್ಟಿದಾಗ ಬೆಚ್ಚಗಿರುವ ರಿಲೇ ಸಿಕ್ಕರೆ ಅದೇ ಸುಳಿವು.
* ನೀರು ಹೊಕ್ಕ ಕನೆಕ್ಟರ್: ಮುಂಬೈ, ಚೆನ್ನೈನ ಮಳೆಗಾಲದ ನಂತರ ಶುರುವಾದ ತೊಂದರೆಯಾದರೆ ಕಾರ್ಪೆಟ್ ಕೆಳಗಿನ ವೈರ್‌ಗಳು, ಹಿಂದಿನ ಲೈಟ್‌ನ ಹೋಲ್ಡರ್ ತೇವವಾಗಿವೆಯೇ ನೋಡಿ.

ಒಂದು ಉಪಕರಣವನ್ನು ಮಾತ್ರ ಅನುಮಾನದಿಂದ ಬಿಡಬಹುದು. ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಕಾರಿನ ಬ್ಯಾಟರಿಯಿಂದ ಏನನ್ನೂ ತೆಗೆದುಕೊಳ್ಳುವುದಿಲ್ಲ. ಟೋಲ್‌ನಲ್ಲಿರುವ ರೀಡರ್ ಕಳಿಸುವ ರೇಡಿಯೋ ತರಂಗದಿಂದಲೇ ಅದು ಕೆಲಸ ಮಾಡುತ್ತದೆ.

ಯಾವ ದೋಷವೂ ಸಿಗಲಿಲ್ಲವೇ? ಓಡಾಟ ನೋಡಿ

ಬ್ಯಾಟರಿ ಹೊಸದು, ಚಾರ್ಜಿಂಗ್ ಸರಿ, ಸೋರಿಕೆ ಇಲ್ಲ. ಆದರೂ ಡೌನ್ ಆಗುತ್ತದೆ. ವಾರವೆಲ್ಲ ಮೆಟ್ರೋ, ಲೋಕಲ್ ರೈಲಿನಲ್ಲಿ ಓಡಾಡಿ ಭಾನುವಾರ ಮಾತ್ರ ಎರಡು ಕಿಲೋಮೀಟರ್ ದೂರದ ಮಾರ್ಕೆಟ್‌ಗೆ ಕಾರು ತೆಗೆಯುವವರ ಪಾಡು ಇದು. ಟ್ರಾಫಿಕ್‌ನಲ್ಲಿ ನಿಂತು ನಿಂತು ಸಾಗುವಾಗ ಆಲ್ಟರ್ನೇಟರ್ ಉತ್ಪಾದಿಸುವುದರಲ್ಲಿ ಹೆಚ್ಚಿನ ಪಾಲು ಎಸಿ ಬ್ಲೋವರ್, ರೇಡಿಯೇಟರ್ ಫ್ಯಾನ್, ಹೆಡ್‌ಲೈಟ್‌ಗೇ ಹೋಗುತ್ತದೆ. ವಾರವಿಡೀ ಇಳಿದದ್ದು ಹತ್ತು ನಿಮಿಷದಲ್ಲಿ ತುಂಬುವುದಿಲ್ಲ. ಕಾರನ್ನು ನಿಂತಲ್ಲೇ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಡುವುದರಿಂದಲೂ ಹೆಚ್ಚು ಪ್ರಯೋಜನವಿಲ್ಲ. ವಾರಕ್ಕೊಮ್ಮೆ ಅರ್ಧ ಮುಕ್ಕಾಲು ಗಂಟೆ ಹೈವೇ ಕಡೆ ಓಡಿಸಿ ಬರುವುದು ಮೇಲು.

ಮೂರು ವಾರಕ್ಕಿಂತ ಹೆಚ್ಚು ದಿನ ಊರಿಗೆ ಹೋಗುವುದಾದರೆ ನೆಗೆಟಿವ್ ಕ್ಲ್ಯಾಂಪ್ ಬಿಚ್ಚಿಟ್ಟು ಹೋಗುವುದು ಪುಕ್ಕಟೆ ಪರಿಹಾರ. ಅಲಾರಂ ಕೆಲಸ ಮಾಡುವುದಿಲ್ಲ, ರಿಮೋಟ್‌ನಿಂದ ಬಾಗಿಲು ತೆರೆಯುವುದಿಲ್ಲ ಎಂಬುದು ನೆನಪಿರಲಿ. ಕೀಯಿಂದ ಬಾಗಿಲು ತೆರೆಯುತ್ತದೆಯೇ ಎಂದು ಮೊದಲೇ ಪರೀಕ್ಷಿಸಿ.

ಬೈಕ್, ಸ್ಕೂಟರ್, ಇವಿ ಇರುವವರಿಗೆ

ದ್ವಿಚಕ್ರ ವಾಹನಗಳಿಗೂ ಇದೇ ವಿಧಾನ, ಆದರೆ ಪ್ರಮಾಣ ಚಿಕ್ಕದು. ಹಲವು ಸ್ಕೂಟರ್‌ಗಳ ಬ್ಯಾಟರಿ ಮೂರರಿಂದ ಐದು ಆಂಪಿಯರ್ ಅವರ್ ಅಷ್ಟೇ. ಕಾರಿಗೆ ಲೆಕ್ಕಕ್ಕಿಲ್ಲದ 20 ಮಿಲಿಆಂಪಿಯರ್ ಸೋರಿಕೆ 4 ಆಂಪಿಯರ್ ಅವರ್‌ನ ಬ್ಯಾಟರಿಯನ್ನು ನಾಲ್ಕೇ ದಿನಕ್ಕೆ ಅರ್ಧ ಮಾಡುತ್ತದೆ. ಯುಎಸ್‌ಬಿ ಚಾರ್ಜರ್, ಹೆಚ್ಚುವರಿ ಎಲ್‌ಇಡಿ ಲೈಟ್, ಅಲಾರಂ ಹಾಕಿಸಿದ್ದರೆ ಮೊದಲು ಅವನ್ನೇ ಬಿಚ್ಚಿ ನೋಡಿ.

ಎಲೆಕ್ಟ್ರಿಕ್ ಕಾರಿನಲ್ಲೂ ಗಾಡಿ ಓಡಿಸುವ ದೊಡ್ಡ ಬ್ಯಾಟರಿಯ ಜೊತೆಗೆ ಪ್ರತ್ಯೇಕ 12 ವೋಲ್ಟ್ ಬ್ಯಾಟರಿ ಇರುತ್ತದೆ. ಅದು ಖಾಲಿಯಾದರೆ ದೊಡ್ಡ ಬ್ಯಾಟರಿ ಶೇಕಡಾ 80ರಷ್ಟು ತುಂಬಿದ್ದರೂ ಕಾರು ಆನ್ ಆಗದಿರಬಹುದು. ಇವಿಯಲ್ಲಿ ವೋಲ್ಟೇಜ್ ನೋಡುವುದನ್ನು ಬಿಟ್ಟು ಬೇರೇನನ್ನೂ ಸ್ವತಃ ಮಾಡಬೇಡಿ. ಕಿತ್ತಳೆ ಬಣ್ಣದ ಕೇಬಲ್‌ಗಳನ್ನಂತೂ ಮುಟ್ಟಲೇಬೇಡಿ, ಅವುಗಳಲ್ಲಿ ಜೀವಕ್ಕೆ ಅಪಾಯಕಾರಿ ವೋಲ್ಟೇಜ್ ಇರುತ್ತದೆ.

ಜಂಪ್ ಸ್ಟಾರ್ಟ್ ಅನಿವಾರ್ಯವಾದರೆ

ಕೆಂಪು ಕೇಬಲ್ ಮೊದಲು ಡೌನ್ ಆದ ಬ್ಯಾಟರಿಯ ಪಾಸಿಟಿವ್‌ಗೆ, ಅದರ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪಾಸಿಟಿವ್‌ಗೆ. ಕಪ್ಪು ಕೇಬಲ್ ಒಳ್ಳೆಯ ಬ್ಯಾಟರಿಯ ನೆಗೆಟಿವ್‌ಗೆ, ಕೊನೆಯ ತುದಿ ಡೌನ್ ಆದ ಕಾರಿನ ಎಂಜಿನ್‌ನ ಬಣ್ಣವಿಲ್ಲದ ಲೋಹದ ಭಾಗಕ್ಕೆ, ಬ್ಯಾಟರಿಯಿಂದ ದೂರದಲ್ಲಿ. ಕೊನೆಯ ಜೋಡಣೆಯಲ್ಲಿ ಕಿಡಿ ಹಾರುವುದರಿಂದ ಈ ಎಚ್ಚರಿಕೆ. ಒಳ್ಳೆಯ ಕಾರನ್ನು ಚಾಲೂ ಮಾಡಿ ಕೆಲವು ನಿಮಿಷ ಬಿಟ್ಟು ನಿಮ್ಮ ಕಾರಿಗೆ ಸೆಲ್ಫ್ ಹೊಡೆಯಿರಿ. ಬಿಚ್ಚುವಾಗ ಇದರ ತಿರುಗಾಮುರುಗಾ ಕ್ರಮ.

ಸ್ಟಾರ್ಟ್ ಆಯಿತೆಂದು ವಿಷಯ ಮರೆಯಬೇಡಿ. ಮನೆಯ ಇನ್ವರ್ಟರ್ ಬ್ಯಾಟರಿ ಆಳಕ್ಕೆ ಖಾಲಿಯಾಗಿ ಮತ್ತೆ ತುಂಬುವುದಕ್ಕೆಂದೇ ತಯಾರಾದದ್ದು. ಕಾರಿನ ಬ್ಯಾಟರಿ ಹಾಗಲ್ಲ, ಕೆಲವೇ ಸೆಕೆಂಡ್ ಜೋರಾಗಿ ಕರೆಂಟ್ ಕೊಟ್ಟು ಕೂಡಲೇ ತುಂಬಿಕೊಳ್ಳುವುದಕ್ಕೆ ರೂಪಿಸಿದ್ದು. ಪೂರ್ತಿ ಖಾಲಿಯಾಗಿ ದಿನಗಟ್ಟಲೆ ಹಾಗೇ ಉಳಿದರೆ ಒಳಗಿನ ಪ್ಲೇಟ್‌ಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಶಾಶ್ವತವಾಗಿ ಸಾಮರ್ಥ್ಯ ಕುಗ್ಗುತ್ತದೆ. ಸೋರಿಕೆಯನ್ನು ಹುಡುಕದೇ ಹೊಸ ಬ್ಯಾಟರಿ ಹಾಕಿದರೆ ಆ ಹೊಸದೂ ಹೀಗೇ ಹಾಳಾಗುತ್ತದೆ.

ಗ್ಯಾರೇಜಿಗೆ ಹೋಗುವಾಗ ಅಂಕಿ ಒಯ್ಯಿರಿ

'ಬ್ಯಾಟರಿ ಡೌನ್ ಆಗುತ್ತದೆ, ನೋಡಿ' ಎಂದರೆ ಸಿಗುವ ಉತ್ತರ ಹೊಸ ಬ್ಯಾಟರಿ. ಅದರ ಬದಲು ನೀವು ಬರೆದಿಟ್ಟ ನಾಲ್ಕು ಅಂಕಿ ತೋರಿಸಿ: ಎಂಜಿನ್ ಚಾಲೂ ಇದ್ದಾಗಿನ ವೋಲ್ಟೇಜ್, ಮೊದಲ ರಾತ್ರಿಯ ಇಳಿಕೆ, ಬಿಚ್ಚಿಟ್ಟ ರಾತ್ರಿಯ ಇಳಿಕೆ, ಸೋರಿಕೆಯ ಪ್ರಮಾಣ. 'ನಿಂತಾಗ 0.4 ಆಂಪಿಯರ್ ಎಳೆಯುತ್ತಿದೆ, ಯಾವ ಸರ್ಕ್ಯೂಟ್ ಎಂದು ಹುಡುಕಿಕೊಡಿ' ಎಂದು ಕೇಳಿದ ಗ್ರಾಹಕನಿಗೆ ಸುಮ್ಮನೆ ಬ್ಯಾಟರಿ ದಾಟಿಸುವುದು ಸುಲಭವಲ್ಲ.

ಬ್ಯಾಟರಿಯನ್ನೇ ಬದಲಿಸಬೇಕಾಗಿ ಬಂದರೆ ವಾರಂಟಿ ಅವಧಿ ಮುಗಿದಿದೆಯೇ ನೋಡಿ. ಸಾಮಾನ್ಯವಾಗಿ ಮೊದಲ ಕೆಲವು ತಿಂಗಳು ಉಚಿತ ಬದಲಾವಣೆ, ನಂತರದ ತಿಂಗಳುಗಳಲ್ಲಿ ಬೆಲೆಯಲ್ಲಿ ಭಾಗಶಃ ರಿಯಾಯಿತಿ ಇರುತ್ತದೆ. ಸಿಗ್ನಲ್‌ನಲ್ಲಿ ತಾನೇ ಆಫ್ ಆಗಿ ತಾನೇ ಸ್ಟಾರ್ಟ್ ಆಗುವ ಕಾರಾದರೆ ಅದಕ್ಕೆಂದೇ ಇರುವ ಇಎಫ್‌ಬಿ ಅಥವಾ ಎಜಿಎಂ ಮಾದರಿಯನ್ನೇ ಹಾಕಿಸಿ. ಹಳೆಯ ಬ್ಯಾಟರಿಯನ್ನು ಗುಜರಿಗೆ ಹಾಕದೆ ಅಂಗಡಿಗೇ ಕೊಡಿ. ಅದರಲ್ಲಿನ ಸೀಸ ಮತ್ತು ಆ್ಯಸಿಡ್ ಮಣ್ಣು, ನೀರಿಗೆ ವಿಷ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಳಸಿದ ಬ್ಯಾಟರಿಯ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಹಳೆಯದು ಕೊಟ್ಟರೆ ಹೊಸದರ ಬೆಲೆಯಲ್ಲಿ ಒಂದಿಷ್ಟು ಕಡಿತವೂ ಸಿಗುತ್ತದೆ.

ಮುಂದಿನ ಸಲ ಪಾರ್ಕಿಂಗ್‌ನಲ್ಲಿ 'ಟಕ್ ಟಕ್' ಕೇಳಿಸಿದರೆ ಬ್ಯಾಟರಿ ಅಂಗಡಿಯ ನಂಬರ್ ಹುಡುಕುವ ಮೊದಲು ಮಲ್ಟಿಮೀಟರ್ ಹುಡುಕಿ. ಎರಡು ರಾತ್ರಿ ಕಾದರೆ, ಬದಲಿಸಬೇಕಾದದ್ದು ನಾಲ್ಕೈದು ಸಾವಿರದ ಬ್ಯಾಟರಿಯೋ ಅಥವಾ ಡಿಕ್ಕಿಯ ಬಾಗಿಲಿನ ಸಣ್ಣ ಸ್ವಿಚ್ಚೋ ಎಂಬುದು ನಿಮಗೇ ಗೊತ್ತಾಗುತ್ತದೆ.